ಅಕ್ಕನ ಕೈಗೆ ಒಂದು ಮಚ್ಚು

ಹೋದ ಬೇಸಿಗೆಯಲ್ಲಿ ಒಬ್ಬ ಅಕ್ಕ ನಮ್ಮ ಕುಲುಮೆಗೆ ಬಂದರು. ಮದ್ದೂರಿನ ಹತ್ತಿರ ರಸ್ತೆ ಪಕ್ಕ ಎಳನೀರು ಮಾರುತ್ತಾರೆ. ಗಂಡನಿಗೆ ಹುಷಾರು ತಪ್ಪಿ ಎರಡು ತಿಂಗಳಿಂದ ಮಚ್ಚು ಇವರ ಕೈಗೆ ಬಂದಿತ್ತು. ಅದನ್ನೇ ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ನಮ್ಮಪ್ಪ ಮಾಡಿದ ಮಚ್ಚು. ಹಿಡಿಯ ಹತ್ತಿರ ಅಪ್ಪನ ಗುರುತು ಇನ್ನೂ ಕಾಣುತ್ತಿತ್ತು. ತೂಕಕ್ಕೆ ಹಾಕಿದೆ, 850 ಗ್ರಾಂ.

“ಅಣ್ಣ, ಇದರಲ್ಲಿ ಅರ್ಧ ತೂಕದ್ದು ಮಾಡ್ಕೊಡಿ. ಬಾಯಿ ತರಕಾರಿ ಚಾಕು ಥರ ತೆಳ್ಳಗಿರ್ಲಿ.”

ಎರಡೂ ಆಗಲ್ಲಕ್ಕ ಅಂದೆ. ಎಳನೀರು ಮಚ್ಚಿಗೆ ತೂಕವೇ ಬಲ. ತೂಕ ಇದ್ದರೆ ಏಟು ತಾನಾಗಿ ಇಳಿಯುತ್ತದೆ, ಕಡಿಮೆ ಆದರೆ ಆ ಬಲವನ್ನು ತೋಳು ಕೊಡಬೇಕು. ಅಪ್ಪ ಹೇಳಿಕೊಟ್ಟಿದ್ದೇ ಹಾಗೆ. ಇನ್ನು ಬಾಯಿ ತೀರಾ ತೆಳ್ಳಗಾದರೆ ಚಿಪ್ಪಿಗೆ ತಾಗಿದ ಕಡೆ ಮಡಚಿಕೊಳ್ಳುತ್ತದೆ, ಇಲ್ಲವೇ ಹಲ್ಲು ಬೀಳುತ್ತದೆ.

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಕಾರಣ ಇತ್ತು. ಹಿಂದೆ ಮೈಸೂರಿನವರೊಬ್ಬರು ಅಡುಗೆಮನೆಗೆ ಚಾಕು ಮಾಡಿಸಿದರು. ಸಾಣೆ ಹಿಡಿಯುವ ಕೆಲಸವೇ ಬರಬಾರದು, ಅಷ್ಟು ಗಡಸು ಇರಲಿ ಅಂದರು. ಗಡಸು ಜಾಸ್ತಿಯಾದರೆ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಕೇಳಿದ್ದನ್ನು ಕೊಟ್ಟುಬಿಟ್ಟೆ. ಮಟನ್ ಮೂಳೆಗೆ ತಾಗಿ ಬಾಯಿ ಒಡೆದು, ಚೂರು ಸಾರಿನಲ್ಲಿ ಸಿಕ್ಕಿತು. ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಕ್ಕ ಜಗಳ ಮಾಡಲಿಲ್ಲ. “ಒಂದಿನ ನಮ್ಮ ಗಾಡಿ ಹತ್ರ ಬಂದು ನಿಂತ್ಕಳಿ ಅಣ್ಣ, ಆಮೇಲೆ ಹೇಳಿ,” ಅಂದು ಹೊರಟರು.

ಹೋದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಬೇರೆ ರಾಜ್ಯಗಳಿಗೆ ಲಾರಿಗಟ್ಟಲೆ ಕಾಯಿ ಹೋಗುತ್ತದೆ. ನಾನು ಹುಟ್ಟಿದಾಗಿನಿಂದ ಎಳನೀರು ಕೆತ್ತುವುದನ್ನು ನೋಡಿದವನು. ಆದರೆ ಕೆತ್ತುವವರ ಮುಂಗೈ ನೋಡಿದ್ದು ಅವತ್ತೇ. ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ ನಾಲ್ಕೈದು ಏಟು. ಕುಡಿದು ಕೊಟ್ಟ ಮೇಲೆ ಎರಡು ಹೋಳು ಮಾಡಲು ಒಂದು ದೊಡ್ಡ ಏಟು. ಆಮೇಲೆ ಸಿಪ್ಪೆಯ ಅಂಚಿನಿಂದ ತೆಳುವಾಗಿ ಒಂದು ಚೂರು ಸೀಳಿ, ಗಂಜಿ ಕೆರೆದು ತಿನ್ನಲು ಚಮಚ. ದಿನಕ್ಕೆ 150 ಕಾಯಿ ಅಂದರು. ಕಾಯಿಗೆ 5 ಏಟು ಅಂದುಕೊಂಡರೂ 750 ಸಲ ಮಚ್ಚು ಮೇಲೇಳಬೇಕು. ಬರೀ 200 ಗ್ರಾಂ ಇಳಿಸಿದರೂ ದಿನಕ್ಕೆ 150 ಕಿಲೋ ಎತ್ತುವುದು ತಪ್ಪುತ್ತದೆ. ಮಧ್ಯಾಹ್ನ ಆಗುವಷ್ಟರಲ್ಲಿ ಅವರು ಮಚ್ಚು ಕೆಳಗಿಟ್ಟು ಮುಂಗೈ ಒತ್ತಿಕೊಳ್ಳುತ್ತಿದ್ದರು. ಅಪ್ಪನ ಲೆಕ್ಕ ತಪ್ಪಲ್ಲ. ಆದರೆ ಅದು ಅವರ ಗಂಡನ ತೋಳಿಗೆ ಹಾಕಿದ ಲೆಕ್ಕ, ಅಲ್ವಾ?

ತೆಳ್ಳಗಿನ ಬಾಯಿ ಯಾಕೆ ಕೇಳಿದರು ಅನ್ನುವುದೂ ಅಲ್ಲೇ ತಿಳಿಯಿತು. ಅದು ಆ ಚಮಚ ಸೀಳುವುದಕ್ಕೆ. ದಪ್ಪ ಬಾಯಿಗೆ ಸಿಪ್ಪೆ ಜಾರಿ, ಹೆಬ್ಬೆರಳಿಗೆ ಎರಡು ಸಲ ಗಾಯ ಆಗಿತ್ತು.

ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತೆಗೆದುಕೊಂಡೆ. ಬೆನ್ನನ್ನು ಒಂದೇ ದಪ್ಪ ಬಿಡದೆ, ಹಿಡಿ ಹತ್ತಿರ 6 ಮಿಲಿಮೀಟರ್ ಇಟ್ಟು ತುದಿಗೆ 3ಕ್ಕೆ ಇಳಿಸಿದೆ. ಉದ್ದ ಒಂದು ಇಂಚು ಕಡಿಮೆ. ಹಿಡಿ ಹತ್ತಿರದ ಮೂರು ಬೆರಳಗಲ ಬಾಯಿಯನ್ನು ಅವರು ಕೇಳಿದ ಹಾಗೇ ತೆಳ್ಳಗೆ ತಿದ್ದಿದೆ, ಚಮಚ ಸೀಳಲು. ಮುಂದಿನ ಭಾಗ ಮಾತ್ರ ನನ್ನ ಮಾತಿನಂತೆ. ಎರಡೂ ಕಡೆ ಸ್ವಲ್ಪ ಉಬ್ಬು ಬಿಟ್ಟೆ, ಹೋಳು ಮಾಡುವ ಏಟು ತಡೆಯಲಿ ಅಂತ. ಕಾಯಿಸಿ, ಕಾದ ಉಕ್ಕನ್ನು ಅಯಸ್ಕಾಂತ ಹಿಡಿಯುವುದು ನಿಂತ ಮೇಲೂ ಇನ್ನೊಂದಿಷ್ಟು ಬಿಸಿ ಏರಿಸಿ, ಎಣ್ಣೆಗೆ ಇಳಿಸಿದೆ. ಆಮೇಲೆ ಮತ್ತೆ 220 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಕಾಯಿಸಿದೆ. ಗಡಸು ಸ್ವಲ್ಪ ಇಳಿದು ಉಕ್ಕಿಗೆ ತಾಳಿಕೆ ಬರುವುದು ಇಲ್ಲೇ. ಇದನ್ನು ಯಾರು ಕೇಳಿದರೂ ಬದಲಾಯಿಸುವುದಿಲ್ಲ. ಕೊನೆಗೆ ತೂಕ 610 ಗ್ರಾಂ. ಅರ್ಧ ಆಗಲಿಲ್ಲ. ಅಕ್ಕ ಎರಡು ಸಲ ಬೀಸಿ ನೋಡಿ, “ಸಾಕು ಬುಡಿ,” ಅಂದರು.

ಹಿಡಿಗೆ ತೇಗ ಹಾಕಿ, ಕನ್ನಡಿಯಂತೆ ಹೊಳೆಯುವಷ್ಟು ತಿಕ್ಕಿದ್ದೆ. ಅದನ್ನು ಅವರು ಕೇಳಿರಲಿಲ್ಲ. ನನಗೆ ಇಷ್ಟ ಅಂತ ಮಾಡಿದ್ದು.

ಮೂರು ವಾರ ಬಿಟ್ಟು ಆ ಕಡೆ ಹೋದಾಗ ಗಾಡಿ ಹತ್ತಿರ ನಿಲ್ಲಿಸಿದೆ. ಬಾಯಿ ಎಲ್ಲೂ ಮಡಚಿರಲಿಲ್ಲ. ಹಿಡಿ ಮಾತ್ರ ಕಾಣುತ್ತಿರಲಿಲ್ಲ. ಅದರ ಸುತ್ತ ಹಳೇ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿದ್ದರು. ಮನಸ್ಸಿಗೆ ಚುರುಕ್ ಅಂತು. ಅಕ್ಕ ನನ್ನ ಮುಖ ನೋಡಿ, “ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ಇಡೀ ದಿನ ಕೈ ನೀರೇ. ಜಾರ್ತದೆ,” ಅಂದರು.

ಅವತ್ತು ಅಷ್ಟು ಹೊತ್ತು ನಿಂತು ನೋಡಿದ್ದೆ. ಒದ್ದೆ ಕೈ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಮಚ್ಚು ವಾಪಸ್ ತಂದು ಹೊಸ ಹಿಡಿ ಹಾಕಿದೆ. ಹೊಳಪು ಕೊಡಲಿಲ್ಲ. ಅರದಿಂದ ಅಡ್ಡಡ್ಡ ಗೀರು ಹಾಕಿ, ಬರೀ ಎಣ್ಣೆ ಸವರಿದೆ. ಮಾರನೇ ದಿನ ಬೆಳಿಗ್ಗೆ ಕೊಟ್ಟಾಗ ಅಕ್ಕ ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿ, ಒದ್ದೆ ಕೈಯಲ್ಲೇ ಹಿಡಿದು, ಮೊದಲ ಕಾಯಿ ಎತ್ತಿಕೊಂಡರು.