ಸುಟ್ಟ ವೈರ್ ಗುಜರಿಗೆ ಹೋದ ದಿನ

ಊಟ ಮುಗಿಸಿ ಬಂದಾಗ ಗ್ಯಾರೇಜಿನ ನೆಲ ಫಳಫಳ ಅನ್ನುತ್ತಿತ್ತು. ನಮ್ಮ ಹುಡುಗ ಗುಡಿಸಿ, ಒರೆಸಿ, ಸುಟ್ಟ ವಾಸನೆ ಹೋಗಲಿ ಅಂತ ಊದುಬತ್ತಿ ಬೇರೆ ಹಚ್ಚಿದ್ದ. "ಮೈನರ್‌ನ ಹಳೇ ವೈರೆಲ್ಲಾ ಎಲ್ಲೋ?" ಎಂದೆ.

"ಗುಜರಿಗೆ ಹಾಕ್ದೆ ಅಣ್ಣ. ತಾಮ್ರಕ್ಕೆ ಒಳ್ಳೇ ರೇಟಿದೆ."

ಬೈಯುವ ಹಾಗೂ ಇರಲಿಲ್ಲ. ಬೆಳಗ್ಗೆ "ಇದನ್ನೆಲ್ಲಾ ಕ್ಲೀನ್ ಮಾಡು" ಅಂದವನು ನಾನೇ.

ಕಾರು 1958ರ ಮಾರಿಸ್ ಮೈನರ್. ಮಾಲೀಕರು ಬಸವನಗುಡಿಯವರು, ಅವರ ತಂದೆ ಕೊಂಡ ಗಾಡಿ. ಒಂದು ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಬಂದಿದೆ. ಹೂವಿನವರು ಬಕೆಟ್ ನೀರು ಹಿಡಿದು ಓಡಿ ಬಂದರಂತೆ. ಆದರೆ ಕಾರು ಉಳಿಸಿದ್ದು ಒಬ್ಬ ಆಟೋ ಡ್ರೈವರ್. ಸೀಟಿನ ಕೆಳಗಿದ್ದ ಸ್ಪ್ಯಾನರ್ ತಂದು, ಬಾನೆಟ್ ಎತ್ತಿ, ಬ್ಯಾಟರಿ ಕೇಬಲ್ ಬಿಚ್ಚಿದ್ದಾನೆ. ಕರೆಂಟ್ ನಿಂತಿತು, ಬೆಂಕಿ ತಾನಾಗಿ ಸತ್ತಿತು. ಆಮೇಲೆ ಗಾಡಿ ಹಗ್ಗ ಕಟ್ಟಿಸಿಕೊಂಡು ವಿಲ್ಸನ್ ಗಾರ್ಡನ್ನಿನ ನಮ್ಮ ಗ್ಯಾರೇಜಿಗೆ ಬಂತು.

ನಾನು ಬಾನೆಟ್ ಎತ್ತಿದೆ, ಹೆಡ್‌ಲೈಟ್ ನೋಡಿದೆ, ತೀರ್ಪು ಕೊಟ್ಟುಬಿಟ್ಟೆ. "ಸಾರ್, ನೋಡಿ, 100 ವ್ಯಾಟಿನ ಹ್ಯಾಲೋಜನ್ ಹಾಕಿಸಿದ್ದೀರಿ, ರಿಲೇ ಇಲ್ಲ. ಅದೇ ಕಾರಣ." ಲೆಕ್ಕವೂ ಸರಿಯಾಗೇ ಇತ್ತು. ಎರಡು ಬಲ್ಬ್ ಸೇರಿ 200 ವ್ಯಾಟ್. 12 ವೋಲ್ಟಿಗೆ ಹತ್ತಿರ ಹತ್ತಿರ 17 ಆಂಪ್. ರಿಲೇ ಅಂದರೆ ಸ್ವಿಚ್ಚಿನ ಬದಲು ದೊಡ್ಡ ಕರೆಂಟನ್ನು ತಾನೇ ಹೊರುವ ಡಬ್ಬಿ. ಅದಿಲ್ಲದಿದ್ದರೆ ಅಷ್ಟೂ ಡ್ಯಾಶ್‌ಬೋರ್ಡಿನ ಒಂದು ಪುಟ್ಟ ಸ್ವಿಚ್ ಮೂಲಕ ಹೋಗಬೇಕು. ಆ ಕಾರಿನ ಡೈನಮೋ ಕೊಡುವುದೇ ಸುಮಾರು 20 ಆಂಪ್. ಸಾಲದ್ದಕ್ಕೆ ಕಾರಲ್ಲಿ ಇರುವುದು ಎರಡೇ ಫ್ಯೂಸ್, ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಆ ಕಾಲದ ಬ್ರಿಟಿಷ್ ಕಾರುಗಳಿಗೆ ಎಲೆಕ್ಟ್ರಿಕ್ ಸಾಮಾನು ಮಾಡುತ್ತಿದ್ದ ಲೂಕಾಸ್ ಕಂಪನಿಯ ವೈರಿಂಗೇ ಹಾಗೆ. ಇಷ್ಟೆಲ್ಲಾ ಗೊತ್ತಿದ್ದವನಿಗೆ ಒಂದು ವಿಷಯ ಮಾತ್ರ ಹೊಳೆಯಲಿಲ್ಲ: ಬೆಂಕಿ ಬಿದ್ದಾಗ ಬೆಳಗಿನ ಹೊತ್ತು. ಹೆಡ್‌ಲೈಟ್ ಹಾಕಿರಲೇ ಇಲ್ಲ.

ಆ ಗುಂಗಿನಲ್ಲೇ ವೈರೆಲ್ಲಾ ಕಿತ್ತೆ. ಇಂಜಿನ್ ಕಡೆ ಮೊಬೈಲಲ್ಲಿ ನಾಲ್ಕು ಫೋಟೋ ಹೊಡೆದೆ. ಡ್ಯಾಶ್‌ಬೋರ್ಡ್ ಕೆಳಗೆ ತಲೆಕೆಳಗಾಗಿ ಮಲಗಿ ಫೋಟೋ ತೆಗೆಯೋದು ಯಾರು ಅಂತ ಬಿಟ್ಟೆ. ಕಾರಣ ಗೊತ್ತಾಯ್ತಲ್ಲ, ಇನ್ನು ಹೊಸ ವೈರ್ ಎಳೆಯೋದು ಅಷ್ಟೇ ಅಲ್ವಾ?

ಎಳೆಯಲು ಕೂತಾಗ ಗೊತ್ತಾಯ್ತು. ಫ್ಯೂಸ್ ಬಾಕ್ಸಿನಿಂದ ವೈಪರ್ ಕವಲಿಗೆ ಎಷ್ಟು ಉದ್ದ? ಹಿಂದಿನ ಲೈಟಿನ ವೈರ್ ಕಟ್ಟು ಯಾವ ಜಾಗದಲ್ಲಿ ಬೇರೆ ಆಗುತ್ತದೆ? ಸರ್ಕ್ಯೂಟ್ ಡಯಾಗ್ರಾಮ್ ಇದ್ದರೂ ಅದರಲ್ಲಿ ಅಳತೆ ಇರುವುದಿಲ್ಲ. ಅಳತೆ ಇರೋದು ಹಳೇ ವೈರಿನಲ್ಲೇ. ಅದು ಗುಜರಿಯಲ್ಲಿ.

ಹುಡುಗನನ್ನು ಬೈಕ್ ಹಿಂದೆ ಕೂರಿಸಿಕೊಂಡು ಓಡಿದೆ. ಅಂಗಡಿಯವನು ಪ್ಲಾಸ್ಟಿಕ್ ಸುಡಲು ಡ್ರಮ್ ರೆಡಿ ಮಾಡುತ್ತಿದ್ದ. ನಮ್ಮ ವೈರ್ ಒಂದು ಚೀಲದಲ್ಲಿ, ವಾಷಿಂಗ್ ಮಷಿನ್ ವೈರುಗಳ ಜೊತೆ ಗಂಟುಬಿದ್ದು, ಐದು ತುಂಡಾಗಿತ್ತು. ಕೊಟ್ಟ ದುಡ್ಡಿನ ಎರಡರಷ್ಟು ಕೇಳಿದ. ಚೌಕಾಸಿ ಮಾಡುವ ಮುಖ ನನಗಿರಲಿಲ್ಲ.

ಗ್ಯಾರೇಜಿಗೆ ಬಂದು ಎಂಟಡಿ ಪ್ಲೈವುಡ್ ಮೇಲೆ ತುಂಡುಗಳನ್ನೆಲ್ಲಾ ಹರಡಿ ಜೋಡಿಸಿದೆವು. ಕವಲೊಡೆಯುವ ಪ್ರತಿ ಜಾಗಕ್ಕೂ ಒಂದು ಮೊಳೆ. ಹಾಗೆ ಜೋಡಿಸುವಾಗಲೇ ನನ್ನ ತೀರ್ಪು ಸುಳ್ಳಾಗಿದ್ದು.

ಸುಟ್ಟ ವೈರ್ ಎಲ್ಲಾ ಒಂದೇ ಥರ ಸುಡುವುದಿಲ್ಲ. ಪಕ್ಕದ ಬೆಂಕಿ ತಾಗಿ ಸುಟ್ಟ ವೈರಿನ ಹೊದಿಕೆ ಹೊರಗಿನಿಂದ ಕರಟುತ್ತದೆ, ಅದೂ ತಾಗಿದ ಬದಿಯಲ್ಲಿ ಜಾಸ್ತಿ. ಮೈಯಲ್ಲಿ ಕರೆಂಟ್ ಹೆಚ್ಚಾಗಿ ಕಾದ ವೈರ್ ಒಳಗಿನಿಂದ ಬೇಯುತ್ತದೆ. ಹೊದಿಕೆ ತಾಮ್ರದಿಂದ ಸಡಿಲಾಗಿ, ಸಡಿಲ ಅಂಗಿಯ ತೋಳಿನ ಹಾಗೆ ಆಚೀಚೆ ಜಾರುತ್ತದೆ. ಹೆಡ್‌ಲೈಟಿನ ನೀಲಿ ವೈರುಗಳು ಹೊರಗೆ ಮಾತ್ರ ಕರಟಿದ್ದವು. ಕತ್ತರಿಸಿ ನೋಡಿದರೆ ಒಳಗಿನ ತಾಮ್ರ ಇನ್ನೂ ಕೆಂಪಗೇ ಇತ್ತು. ಪಾಪ, ನಿರಪರಾಧಿಗಳು. ಕಟ್ಟಿನ ನಡುವೆ ಒಂದೇ ಒಂದು ತೆಳು ಕಪ್ಪು ವೈರ್ ಮಾತ್ರ ಈ ತುದಿಯಿಂದ ಆ ತುದಿಗೆ ಒಳಗಿನಿಂದ ಬೆಂದಿತ್ತು. ಅದು ಕಾರಿನ ಜೊತೆ ಬಂದ ವೈರೇ ಅಲ್ಲ. ಹಿಡಿದುಕೊಂಡು ಹೋದರೆ ಸ್ಟೀರಿಯೋಗೆ ಹೋಯಿತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಇವತ್ತಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕಾರಿನ ಲೋಹದ ಬಾಡಿಗೆ ಸೇರಿರುತ್ತದೆ. ಮೈನರ್‌ನಲ್ಲಿ ಉಲ್ಟಾ, ಪ್ಲಸ್ ಬಾಡಿಗೆ. ಈಗಿನ ಸ್ಟೀರಿಯೋಗೆ ಇದು ಗೊತ್ತಿಲ್ಲ. ಅದರ ತಗಡಿನ ಡಬ್ಬಿಯೇ ಮೈನಸ್. ಅದಕ್ಕೇ ಹಿಂದೆ ಯಾರೋ ಬುದ್ಧಿವಂತರು ಡಬ್ಬಿಗೆ ಸೈಕಲ್ ಟ್ಯೂಬ್ ಸುತ್ತಿ, ಬಾಡಿಗೆ ತಾಗದ ಹಾಗೆ ಕೂರಿಸಿ, ಕಪ್ಪು ವೈರನ್ನು ಬ್ಯಾಟರಿಯಿಂದ ನೇರ ಬರುವ ಕಂದು ವೈರಿಗೆ, ಕೆಂಪನ್ನು ಬಾಡಿಗೆ ಕೊಟ್ಟಿದ್ದರು. ವರ್ಷಗಟ್ಟಲೆ ಹಾಡಿತು. ಒಂದು ದಿನ ಟ್ಯೂಬ್ ಒಣಗಿ ಹರಿದು, ಡಬ್ಬಿಯ ಮೂಲೆ ಬ್ರಾಕೆಟ್‌ಗೆ ತಾಗಿತು. ಬ್ಯಾಟರಿಯ ಎರಡು ತುದಿಗೂ ನೇರ ಸಂಬಂಧ ಆಯಿತು. ಫ್ಯೂಸ್ ಇರಲಿಲ್ಲವಾ? ಇತ್ತು, ಕೆಂಪು ವೈರಿನಲ್ಲಿ. ಕರೆಂಟ್ ಹರಿದಿದ್ದು ಕಪ್ಪಿನಲ್ಲಿ. ಆ ಫ್ಯೂಸ್ ಇಂದಿಗೂ ಚೆನ್ನಾಗಿದೆ.

ಬೆಂಚಿನ ಮೇಲಿದ್ದ ಸ್ಟೀರಿಯೋ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಕಡಲೆಬೇಳೆ ಗಾತ್ರದ ಕರಗಿದ ಗುಳಿ.

ಆ ಚೀಲ ಸಿಗದೆ ಹೋಗಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಹೊಸ ವೈರ್ ಎಳೆದು, ರಿಲೇ ಹಾಕಿ, ಅದೇ ಸ್ಟೀರಿಯೋ ಅದೇ ಬ್ರಾಕೆಟ್‌ನಲ್ಲಿ ಕೂರಿಸಿ, ಬಿಲ್ ಕೊಟ್ಟು ಕಳಿಸುತ್ತಿದ್ದೆ. ಮಾಲೀಕರಿಗೆ ಫೋನ್ ಮಾಡಿ, ನಾನು ಮೊದಲು ಹೇಳಿದ್ದು ತಪ್ಪು ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಹಾಡು ನನ್ನ ಮೊಮ್ಮಗನ ಆಸೆ, ತೆಗೆದುಹಾಕಿ" ಎಂದರು.

ಹೊಸ ಕಟ್ಟು ಮಾಡಿದ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ವೈರ್ ಜೆ.ಸಿ. ರಸ್ತೆಯಲ್ಲಿ ತಂದೆ. ಮನೆಗೆ ಹಾಕುವ ವೈರ್ ಅಗ್ಗಕ್ಕೆ ಸಿಗುತ್ತದೆ ಅಂತ ಕೆಲವರು ಅದನ್ನೇ ಕಾರಿಗೂ ಎಳೆಯುತ್ತಾರೆ, ದಯವಿಟ್ಟು ಬೇಡ. ಎಳೆ ಕಡಿಮೆ, ದಪ್ಪ. ಕಾರಿನ ಅದುರಾಟಕ್ಕೆ ಬಳಲಿ ಮುರಿಯುತ್ತದೆ. ಚಿಕ್ಕ ಲೈಟುಗಳಿಗೆ 0.30 ಮಿಲಿಮೀಟರಿನ 14 ಎಳೆಯದು, ಹೆಡ್‌ಲೈಟಿಗೆ 28, ಬ್ಯಾಟರಿಯಿಂದ ಬರುವ ಮುಖ್ಯ ವೈರಿಗೆ 44. ಬಣ್ಣದ ವಿಷಯದಲ್ಲಿ ಲೂಕಾಸ್ ಪದ್ಧತಿ ಬಿಡಬಾರದು. ಕಂದು ನೇರ ಬ್ಯಾಟರಿ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ ಇಗ್ನಿಷನ್, ನೀಲಿ ಹೆಡ್‌ಲೈಟ್, ಕೆಂಪು ಹಿಂದಿನ ಮತ್ತು ಪಾರ್ಕಿಂಗ್ ಲೈಟ್, ಕಪ್ಪು ಅರ್ಥ್, ಅಂದರೆ ಕಾರಿನ ಬಾಡಿಗೆ ಸೇರುವ ವೈರ್. ಕವಲುಗಳಿಗೆ ಇದೇ ಬಣ್ಣದ ಮೇಲೆ ಇನ್ನೊಂದು ಬಣ್ಣದ ಗೆರೆ ಇರುತ್ತದೆ; ಎರಡು ಅಂಗಡಿ ತಿರುಗಿದರೂ ಆ ಗೆರೆ ಇರುವ ವೈರ್ ಪೂರ್ತಿ ಸಿಗಲಿಲ್ಲ. ಎರಡೂ ತುದಿಗೆ ಬಣ್ಣದ ಸ್ಲೀವ್ ಹಾಕಿ ಸರಿಮಾಡಿದೆ. ಬಲ್ಬ್ 60 ವ್ಯಾಟಿಗೆ ಇಳಿಸಿ, ರಿಲೇ, ಫ್ಯೂಸ್ ಎರಡೂ ಕೊಟ್ಟೆ. ಬ್ಯಾಟರಿ ಪಕ್ಕ ಕೈಯಲ್ಲೇ ತಿರುಗಿಸುವ ಕಟ್-ಆಫ್ ಸ್ವಿಚ್ ಹಾಕಿದೆ. ಪ್ರತಿ ಸಲ ಸ್ಪ್ಯಾನರ್ ಇರುವ ಆಟೋ ಪಕ್ಕದಲ್ಲೇ ಬರುತ್ತದೆ ಅಂತ ಏನು ಗ್ಯಾರಂಟಿ?

ಬ್ಯಾಟರಿ ಜೋಡಿಸುವ ದಿನ ಹುಡುಗನನ್ನೇ ಮುಂದೆ ಬಿಟ್ಟೆ. ಬ್ಯಾಟರಿ ಮತ್ತು ಕೇಬಲ್ ನಡುವೆ 21 ವ್ಯಾಟಿನ ಒಂದು ಬಲ್ಬ್ ಸೇರಿಸಿದೆವು. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಹತ್ತುತ್ತದೆ, ವೈರ್ ಸುಡುವುದಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಕೇಬಲ್ ತಾಗಿಸಿದ. ಬಲ್ಬ್ ಹತ್ತಲಿಲ್ಲ.

ಈಗ ನಮ್ಮಲ್ಲಿ ಕಿತ್ತ ಹಳೇ ವೈರ್ ಒಂದೊಂದು ಚೀಲದಲ್ಲಿ, ಗಾಡಿ ನಂಬರ್ ಬರೆದು, ಗೋಡೆಯ ಮೊಳೆಗೆ ನೇತಾಡುತ್ತದೆ. ಗಾಡಿ ಓಡಿ ಒಂದು ತಿಂಗಳಾಗುವವರೆಗೆ ಇಳಿಸುವ ಹಾಗಿಲ್ಲ. ಹೋದ ವಾರ ಒಂದು ಹಳೇ ಕ್ಲಿಪ್ ಬೇಕಾಗಿ ನಾನೇ ಒಂದು ಚೀಲಕ್ಕೆ ಕೈ ಹಾಕಿದೆ. ಹುಡುಗ ಕೆಲಸ ಬಿಟ್ಟು ಎದ್ದು ಬಂದ. "ಅಣ್ಣ, ಆ ಗಾಡಿಗೆ ಇನ್ನೂ ಹದಿನೆಂಟು ದಿನ ಇದೆ" ಎಂದು ಚೀಲ ಕಿತ್ತುಕೊಂಡು ಮತ್ತೆ ಮೊಳೆಗೆ ಹಾಕಿದ.