ಕೋವಿಗೆ ವಿನಾಯಿತಿ ಇದೆ, ಗುಂಡಿಗೆ ಇಲ್ಲ

ಬಡಾವಣೆಗಳಲ್ಲಿ ಮನೆಗಳ್ಳತನ ಹೆಚ್ಚಿತೆಂಬ ಸುದ್ದಿ ಬಂದಾಗಲೆಲ್ಲ, ಕೊಡಗಿನವರಿಗೆ ಇರುವಂತೆ ನಮಗೂ ಬಂದೂಕು ಇಟ್ಟುಕೊಳ್ಳುವ ಹಕ್ಕು ಬೇಕು ಎನ್ನುವವರು ಸಿಗುತ್ತಾರೆ. ಅವರ ಭಯ ನಿಜವಾದದ್ದೇ. ಆದರೆ ಕೊಡಗಿನಲ್ಲಿ ಇರುವುದು ಏನೆಂಬುದನ್ನು ಅವರು ಸರಿಯಾಗಿ ತಿಳಿದುಕೊಂಡಿಲ್ಲವೆಂದೇ ನನಗೆ ಅನಿಸುತ್ತದೆ.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ಪದ್ಧತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ಸಾವಿನ ಸುದ್ದಿಯನ್ನು ಊರಿಗೆ ತಿಳಿಸುವ ಕೋವಿ ಅಲ್ಲಿನ ಸಂಸ್ಕಾರಗಳ ಭಾಗವಾಗಿದೆ. ಹಾಗಿದ್ದರೂ ಅದನ್ನು ಯಾರ ಮೇಲೆ, ಯಾವಾಗ ಹಾರಿಸಬಹುದು ಎಂಬ ಪ್ರಶ್ನೆಗೆ ಮಡಿಕೇರಿಯಲ್ಲೂ ಮೈಸೂರಿನಲ್ಲೂ ಕಾನೂನು ಕೊಡುವ ಉತ್ತರ ಒಂದೇ.

ಆ ಉತ್ತರ ಇರುವುದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಖಾಸಗಿ ರಕ್ಷಣೆಯ ಹಕ್ಕು, ಅಂದರೆ ದೇಹವನ್ನೂ ಆಸ್ತಿಯನ್ನೂ ತಾನೇ ರಕ್ಷಿಸಿಕೊಳ್ಳುವ ಹಕ್ಕು, ಇಲ್ಲ; ಇದ್ದಾಗಲೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಮು ಹೇಳುತ್ತದೆ. ಪ್ರಾಣ ಹೋಗುವ ಅಥವಾ ತೀವ್ರ ಗಾಯವಾಗುವ ಭೀತಿಗೆ ತಕ್ಕ ಕಾರಣವಿದ್ದಾಗ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಎದುರಾಳಿಯ ಸಾವಿಗೆ ಕಾರಣವಾಗುವಷ್ಟು ದೂರಕ್ಕೂ ಈ ಹಕ್ಕು ಹೋಗುತ್ತದೆ. ಆಸ್ತಿಯ ವಿಷಯದಲ್ಲಿ ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಮನೆ ಒಡೆತ, ವಾಸದ ಮನೆಗೆ ಬೆಂಕಿ ಇಡುವುದು ಮುಂತಾದವುಗಳಿಗೆ ಇದು ಅನ್ವಯಿಸುತ್ತದೆ. ತೋಟದಲ್ಲಿ ಕರಿಮೆಣಸು ಕದ್ದು ಓಡುತ್ತಿರುವವನನ್ನು ಹಿಡಿಯಬಹುದು, ಮಾಲು ಕಿತ್ತುಕೊಳ್ಳಬಹುದು; ಅಷ್ಟಕ್ಕೇ ಅವನನ್ನು ಗುಂಡಿಟ್ಟು ಕೊಂದರೆ ಅದು ರಕ್ಷಣೆಯಲ್ಲ. ಕಾಡಾನೆಯ ವಿಷಯದಲ್ಲೂ ಹೀಗೆಯೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಿಯಾಯಿತಿ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ ಕೃತ್ಯಕ್ಕೆ ಮಾತ್ರ, ಬಾಳೆತೋಟ ಉಳಿಸಿಕೊಳ್ಳಲು ಅಲ್ಲ.

ನನ್ನನ್ನು ಹೆಚ್ಚು ಕಾಡುವುದು ಊರ ಕಾವಲಿನ ಹೆಸರಿನಲ್ಲಿ ಹುಟ್ಟುವ ಗುಂಪು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅವರೂ ತಮ್ಮ ಮಕ್ಕಳನ್ನು ರಕ್ಷಿಸುತ್ತಿದ್ದೇವೆ ಎಂದೇ ತಿಳಿದಿದ್ದರು. ಅಲ್ಲಿ ಕೈಗೊಂದು ಬಂದೂಕು ಇದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಅಂಜಿಕೆಯಾಗುತ್ತದೆ.

ಒಂಟಿ ತೋಟದ ಮನೆಯಲ್ಲಿರುವ ವೃದ್ಧರಿಗೆ ಕೋವಿ ಧೈರ್ಯ ಕೊಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬಡಾವಣೆಗೆ ಮಾತ್ರ ಮೊದಲು ಬೇಕಾದದ್ದು ಉರಿಯುವ ಬೀದಿದೀಪ, ರಾತ್ರಿ ಬೀಟಿನ ಪೊಲೀಸರು, 112ಕ್ಕೆ ಕರೆ ಮಾಡಿದರೆ ಬೇಗ ಬರುವ ವಾಹನ. ಇನ್ನು ವಿನಾಯಿತಿ ಪತ್ರ ಅಥವಾ ಪರವಾನಗಿ ಕೊಡುವ ಪ್ರತಿಯೊಂದು ಕಚೇರಿಯೂ ಅದರ ಜೊತೆಗೆ ಈ ಕಲಮುಗಳನ್ನು ಸರಳ ಕನ್ನಡದಲ್ಲಿ ಮುದ್ರಿಸಿ ಕೊಡಬೇಕು, ಪಡೆಯುವವರು ಓದಿ ಸಹಿ ಹಾಕಿದ ನಂತರವೇ ಪತ್ರ ಕೈಸೇರಬೇಕು.