ಬುಡ ಕಾಣುವವರೆಗೆ ಸ್ಕೋಪ್ ಹೊರಗೆ ತೆಗೆಯಬೇಡಿ

ಮೂಗಿನ ಒಂದೇ ಕಡೆ ಗಡ್ಡೆ ಕಂಡರೂ ಫೈಲಿನಲ್ಲಿ ಸುಮ್ನೆ ‘ಪಾಲಿಪ್’ (ಮಾಮೂಲಿ ಮೂಗಿನ ದುರ್ಮಾಂಸ) ಅಂತ ಬರೆದುಬಿಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ನಮ್ಮ ಲಿಸ್ಟಿನಲ್ಲಿದ್ದವರಿಗೆ ಬೇರೆ ಕಡೆ ಹಾಗೆಯೇ ಆಪರೇಷನ್ ಆಗಿತ್ತು. ತೆಗೆದದ್ದನ್ನು ಪೆಥಾಲಜಿಗೇ ಕಳಿಸಿರಲಿಲ್ಲ. ಗಡ್ಡೆ ಮತ್ತೆ ಬೆಳೆದಿತ್ತು. ನಾವು ಬಯಾಪ್ಸಿ ಮಾಡಿಸಿದಾಗ ಬಂದ ರಿಪೋರ್ಟು: ಇನ್ವರ್ಟೆಡ್ ಪ್ಯಾಪಿಲೋಮಾ. ಕ್ಯಾನ್ಸರ್ ಅಲ್ಲ, ನಿಜ. ಆದರೆ ಗಡ್ಡೆ ಮೂಳೆಗೆ ಅಂಟಿಕೊಂಡಿರುವ ಬುಡ ಉಳಿದರೆ ಮತ್ತೆ ಬರುತ್ತದೆ. ಕೆಲವರಲ್ಲಿ ಕ್ಯಾನ್ಸರ್‌ಗೂ ತಿರುಗುತ್ತದೆ.

ಸಿಟಿ ಸ್ಕ್ಯಾನಿನಲ್ಲಿ ಬಲಗಡೆಯ ಮ್ಯಾಕ್ಸಿಲರಿ, ಅಂದರೆ ಕೆನ್ನೆಯೊಳಗಿನ ಸೈನಸ್, ಪೂರ್ತಿ ಬೂದು. ಅದರಲ್ಲಿ ಗಡ್ಡೆ ಎಷ್ಟು, ಹಿಂದೆ ಸಿಕ್ಕಿಕೊಂಡ ಸಿಂಬಳ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಎಂಆರ್‌ಐ ಬೇಕು ಅಂದೆ. ‘ಸಿಟಿ ಇದೆಯಲ್ಲ ಡಾಕ್ಟ್ರೇ’ ಅಂತ ಆಫೀಸಿನಿಂದ ಮಾತು ಬಂತು. ಹಟ ಹಿಡಿದು ಮಾಡಿಸಿದೆ. ಗಡ್ಡೆಯೊಳಗಿನ ಮಡಿಕೆ ಮಡಿಕೆ ಗೆರೆಗಳು ಸೈನಸ್ಸಿನ ಮುಂಗೋಡೆಯತ್ತ ಸೇರುತ್ತಿದ್ದವು. ಸಿಟಿಯಲ್ಲಿ ನೋಡಿದರೆ ಅದೇ ಜಾಗದಲ್ಲಿ ಮೂಳೆ ಸ್ವಲ್ಪ ದಪ್ಪ. ಬುಡ ಅಲ್ಲೇ ಇರಬೇಕು. ಹಾಗಾಗಿ ಕನ್ಸೆಂಟಿನಲ್ಲಿ ಪ್ರೀಲ್ಯಾಕ್ರಿಮಲ್ (ಕಣ್ಣೀರಿನ ನಾಳದ ಮುಂದಿನಿಂದ ಸೈನಸ್ಸಿಗೆ ಹೋಗುವ ದಾರಿ) ಕೂಡ ಬರೆಸಿದೆ.

ಗಡ್ಡೆಯನ್ನು ಕತ್ತರಿಸುತ್ತಲೇ ಹೀರಿಕೊಳ್ಳುವ ಡೆಬ್ರೈಡರ್ ಹಾಕಿದ ಮೇಲೆ ಗಡ್ಡೆ ಬೇಗ ತಗ್ಗಿತು. ಪೆಥಾಲಜಿಗೆ ಚೂರುಗಳನ್ನು ಹಿಡಿದಿಡುವ ಟ್ರ್ಯಾಪ್ ಹಾಕಿದ್ದರಿಂದ ಒಂದು ಚೂರೂ ಸಕ್ಷನ್ ಬಾಟಲಿಗೆ ಹೋಗಲಿಲ್ಲ. ಆಮೇಲೆ ಹಿಂದಿನಿಂದ ರಕ್ತ ಚಿಮ್ಮಿತು. ಮೂಗಿನ ಹಿಂಭಾಗಕ್ಕೆ ರಕ್ತ ಕೊಡುವ ಸ್ಫೀನೋಪ್ಯಾಲಟೈನ್ ರಕ್ತನಾಳದ ಕೊಂಬೆ. ಮಾನಿಟರ್ ಪೂರ್ತಿ ಕೆಂಪು. ಸ್ಕೋಪ್ (ಮೂಗಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ಒರೆಸಿ ಒಳಗೆ ಹಾಕಿದರೆ ಮತ್ತೆ ಕೆಂಪು. ಜೂನಿಯರ್ ಆಗಲೇ ರಕ್ತನಾಳ ಸುಟ್ಟು ಮುಚ್ಚುವ ಬೈಪೋಲಾರ್ ಹಿಡಿದಿದ್ದರು. ಕಾಣದೆ ಸುಡುವುದು ಬೇಡ ಅಂದೆ. ಅಡ್ರಿನಲಿನ್‌ನಲ್ಲಿ ನೆನೆಸಿದ ಹತ್ತಿಯ ಪ್ಯಾಟಿ ಒತ್ತಿಟ್ಟೆವು. ರಕ್ತದೊತ್ತಡ ಇಳಿದರೆ ರಕ್ತ ಸೋರುವುದೂ ತಗ್ಗುತ್ತದೆ. ಅರಿವಳಿಕೆ ಡಾಕ್ಟರಿಗೆ ಎಂಎಪಿ, ಅಂದರೆ ಸರಾಸರಿ ರಕ್ತದೊತ್ತಡ, ಕೇಳಿದೆ: ‘ಎಂಎಪಿ ಎಷ್ಟು ಮೇಡಂ?’ ‘78.’ ‘65ರ ಹತ್ತಿರ ತರೋಕಾಗುತ್ತಾ?’ ‘ನಿಧಾನಕ್ಕೆ ತರ್ತೀನಿ, ಕಾಯಿರಿ.’ ನಾವು ಯಾವಾಗಲೂ ಡ್ರೇಪ್‌ನಲ್ಲಿ ಕಣ್ಣು ಕಾಣುವಂತೆ ಬಿಡುತ್ತೇವೆ. ಸಿಸ್ಟರ್ ರೆಪ್ಪೆಯ ಮೇಲೆ ಬೆರಳಿಟ್ಟು ನೋಡಿ, ‘ಮೆತ್ತಗೇ ಇದೆ ಸರ್’ ಅಂದರು. ಕಣ್ಣಿನ ಹಿಂದೆ ರಕ್ತ ತುಂಬಿದರೆ ಕಣ್ಣು ಗಟ್ಟಿಯಾಗುತ್ತದೆ. ಆ ಹೊತ್ತಲ್ಲಿ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಬಿಸಿ ಸಲೈನ್ ಹಾಯಿಸಿದೆವು. ಫೀಲ್ಡ್ ತಿಳಿಯಾಯಿತು. ಕೊಂಬೆ ಕಂಡಿತು. ಆಗ ಬೈಪೋಲಾರ್.

ಉಳಿದದ್ದು ಬುಡ. ನೇರ ನೋಡುವ ಸೊನ್ನೆ ಡಿಗ್ರಿ ಸ್ಕೋಪ್‌ಗೆ ಅದು ಕಾಣಲಿಲ್ಲ, ಓರೆಯಾಗಿ ನೋಡುವ 30ಕ್ಕೂ ಕಾಣಲಿಲ್ಲ. 70ಕ್ಕೆ ಕಂಡಿತು, ಆದರೆ ಇದ್ದ ಇನ್‌ಸ್ಟ್ರುಮೆಂಟ್ ಯಾವುದೂ ಅಲ್ಲಿಗೆ ಬಾಗುವುದಿಲ್ಲ. ಮೂಳೆ ಅರೆಯುವ ಬಾಗಿದ ಬರ್‌ಗೆ ಹಾಕಿದ ಇಂಡೆಂಟ್ (ಖರೀದಿ ಬೇಡಿಕೆ) ಪರ್ಚೇಸ್‌ನಲ್ಲೇ ಕೂತಿದೆ. ಕೇಳಿದಾಗಲೆಲ್ಲ ‘ಅಷ್ಟೊಂದು ಬಳಕೆ ಇದೆಯಾ?’ ಅನ್ನುತ್ತಾರೆ. ಬಳಕೆ ಕಡಿಮೆಯೇ. ಬೇಕಾದ ದಿನ ಮಾತ್ರ ಅದಿಲ್ಲದೆ ಆಗುವುದಿಲ್ಲ.

‘ಸರ್, ಕಾಣೋದೆಲ್ಲ ಬಂತಲ್ವಾ?’ ಅಂದರು ಜೂನಿಯರ್. ಎಲ್ಲರಿಗೂ ಸುಸ್ತಾಗಿತ್ತು. ಈ ಗಡ್ಡೆ ಮತ್ತೆ ಬರುವುದು ಹೆಚ್ಚಾಗಿ ಇಂಥ ಹೊತ್ತಲ್ಲಿ ಬಿಟ್ಟ ಬುಡದಿಂದಲೇ. ಹಾಗಾಗಿ ಪ್ರೀಲ್ಯಾಕ್ರಿಮಲ್ ದಾರಿ ಹಿಡಿದೆವು. ಇನ್ಫೀರಿಯರ್ ಟರ್ಬಿನೇಟ್‌ನ (ಮೂಗಿನ ಪಕ್ಕದ ಗೋಡೆಯ ಕೆಳಗಿನ ಉಬ್ಬು) ಮುಂದೆ ಕಟ್ ಹಾಕಿ, ಮೂಳೆ ಕೊರೆದು, ಕಣ್ಣೀರಿನ ನಾಳವನ್ನು ಪಕ್ಕಕ್ಕೆ ಸರಿಸಿ ಸೈನಸ್ಸಿನೊಳಗೆ ಹೋದೆವು. ಮುಂಗೋಡೆ ನೇರವಾಗಿ ಸಿಕ್ಕಿತು. ಪೊರೆಯನ್ನು ಮೂಳೆಯಿಂದ ಎಬ್ಬಿಸಿದೆವು. ಕೆಳಗಿನ ಮೂಳೆ ತರಿತರಿಯಾಗಿತ್ತು, ಸಣ್ಣ ಸಣ್ಣ ಗುಂಡಿಗಳಲ್ಲಿ ಗಡ್ಡೆಯ ಎಳೆಗಳು ಕೂತಿದ್ದವು. ನೀರು ಬಿಡುತ್ತಾ ಡೈಮಂಡ್ ಬರ್ ಆಡಿಸಿದೆವು, ನುಣುಪಾದ ಬಿಳಿ ಮೂಳೆ ಕಾಣುವವರೆಗೆ. ಸುತ್ತಲಿನ ಅಂಚುಗಳಿಂದ ತೆಗೆದ ಚೂರುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಕಳಿಸಿದೆವು. ನಾಳ, ಟರ್ಬಿನೇಟ್ ಎರಡೂ ಉಳಿದವು.

ಡಿಸ್ಚಾರ್ಜ್ ಸಮರಿಯಲ್ಲಿ ಬುಡ ಇದ್ದ ಜಾಗವನ್ನು ಚಿತ್ರ ಸಮೇತ ಬರೆಸಿದ್ದೇನೆ. ವರ್ಷಗಟ್ಟಲೆ ಸ್ಕೋಪ್ ಹಾಕಿ ನೋಡುತ್ತಿರಬೇಕು. ಮುಂದೆ ನೋಡುವವರು ಯಾರೇ ಆಗಲಿ, ಮೊದಲು ಆ ಮುಂಗೋಡೆಯನ್ನೇ ನೋಡಲಿ. ಬರ್‌ನ ಇಂಡೆಂಟ್ ಮತ್ತೆ ಹಾಕಿದ್ದೇನೆ, ಈ ಸಲ ಆಪರೇಷನ್ ನೋಟ್ಸ್ ಜೊತೆಗೆ.